ಹಾರ್ಲೆಮ್‌ನ ಟೆನ್ ಬೂಮ್ ಮನೆ: ಗಡಿಯಾರದಂಗಡಿಯ ಮೇಲಿನ ಒಂದು ಗಂಟೆ

ನೆದರ್ಲೆಂಡ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಊರಿನಿಂದ ಹಿರಿಯರು ಬಂದಾಗ ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಕ್ಯೂಕೆನ್‌ಹಾಫ್‌ನ ಹೂದೋಟ, ಝಾನ್ಸೆ ಸ್ಕಾನ್ಸ್‌ನ ಗಾಳಿಯಂತ್ರಗಳು, ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಗಳಲ್ಲಿ ಒಂದು ದೋಣಿ ಸುತ್ತಾಟ. ಈ ಪಟ್ಟಿಗೆ ಹಾರ್ಲೆಮ್ ಪಟ್ಟಣದ ಟೆನ್ ಬೂಮ್ ಮನೆಯನ್ನೂ ಸೇರಿಸಿಕೊಳ್ಳಬೇಕೆಂದು ನಾನು ಶಿಫಾರಸು ಮಾಡುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೆಹೂದಿಗಳನ್ನು ಬಚ್ಚಿಟ್ಟು ಕಾಪಾಡಿದ, ಅದಕ್ಕಾಗಿ ಸೆರೆಮನೆಗೂ ಯಾತನಾ ಶಿಬಿರಕ್ಕೂ ಹೋದ ಒಂದು ಕ್ರೈಸ್ತ ಕುಟುಂಬದ ಮನೆ ಇದು. ಇದನ್ನು ವಸ್ತುಸಂಗ್ರಹಾಲಯ ಎಂದು ಕರೆದರೂ, ಇಲ್ಲಿ ದೊರೆಯುವುದು ಮುಖ್ಯವಾಗಿ ಒಂದು ಸೇವೆ: ಸ್ವಯಂಸೇವಕರಾದ ಮಾರ್ಗದರ್ಶಿಯೊಬ್ಬರು ಸಣ್ಣ ಗುಂಪೊಂದನ್ನು ಕೂರಿಸಿಕೊಂಡು, ಸುಮಾರು ಒಂದು ಗಂಟೆಯ ಕಾಲ ಆ ಮನೆಯ ಕಥೆಯನ್ನು ಆ ಮನೆಯೊಳಗೇ ಹೇಳುತ್ತಾರೆ. ಕಷ್ಟದ ನಡುವೆ ಭರವಸೆಯನ್ನು ಹೇಗೆ ಉಳಿಸಿಕೊಳ್ಳುವುದು ಎಂಬ ಪ್ರಶ್ನೆಗೆ ಚರ್ಚಿನ ಪ್ರಸಂಗಗಳಲ್ಲಿ ಉತ್ತರ ಕೇಳಿ ಕೇಳಿ ಬೇಸತ್ತವರಿಗೆ ಈ ಒಂದು ಗಂಟೆ ಬೇರೆಯದೇ ರೀತಿಯಲ್ಲಿ ಉಪಯೋಗವಾಗಬಹುದು.

ಹಾರ್ಲೆಮ್ ತಲುಪುವುದು ಸುಲಭ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್ ನಿಲ್ದಾಣದಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗಿನ ಹಾದಿ. ಇಳಿದ ಮೇಲೆ ಊರಿನ ನಡುವಿನ ಮಾರುಕಟ್ಟೆ ಚೌಕದ ಕಡೆಗೆ ನಡೆದರೆ ಅಂಗಡಿಗಳು ಕಿಕ್ಕಿರಿದ ಬಾರ್ಟೆಲ್ಯೋರಿಸ್‌ಸ್ಟ್ರಾಟ್ ಎಂಬ ಬೀದಿ ಸಿಗುತ್ತದೆ. ಡಚ್ಚರ ಮೊನೊಪಲಿ ಆಟದ ಹಲಗೆಯ ಮೇಲೂ ಈ ಬೀದಿಯ ಹೆಸರಿದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇಷ್ಟು ಮಾಹಿತಿ ಒಳ್ಳೆಯ ಆಮಿಷವಾಗುತ್ತದೆ. 19ನೇ ನಂಬರಿನ ಮನೆಯ ನೆಲಮಹಡಿಯಲ್ಲಿ ಗಡಿಯಾರದ ಅಂಗಡಿ ಇತ್ತು, ಮೇಲಿನ ಮಹಡಿಗಳಲ್ಲಿ ಕುಟುಂಬ ವಾಸವಾಗಿತ್ತು. ವಸ್ತುಸಂಗ್ರಹಾಲಯದ ಬಾಗಿಲು ಪಕ್ಕದ ಓಣಿಯಲ್ಲಿದೆ. ಪ್ರವೇಶಕ್ಕೆ ಶುಲ್ಕವಿಲ್ಲ, ಮನಸ್ಸಿಗೆ ಬಂದಷ್ಟು ಕಾಣಿಕೆ ಹಾಕಬಹುದು. ಆದರೆ ಒಂದು ಗುಂಪಿಗೆ ಇಪ್ಪತ್ತರಷ್ಟು ಮಂದಿಗೆ ಮಾತ್ರ ಅವಕಾಶವಿರುವುದರಿಂದ ಜಾಲತಾಣದಲ್ಲಿ ಮೊದಲೇ ಸಮಯ ಕಾಯ್ದಿರಿಸಿಕೊಳ್ಳುವುದು ಕ್ಷೇಮ. ಮಾರ್ಗದರ್ಶನ ಡಚ್ ಮತ್ತು ಇಂಗ್ಲಿಷಿನಲ್ಲಿ ಇರುತ್ತದೆ. ಮಾರ್ಗದರ್ಶಿಯಿಲ್ಲದೆ ಒಬ್ಬೊಬ್ಬರೇ ತಿರುಗಾಡಿ ನೋಡುವ ವ್ಯವಸ್ಥೆ ಇಲ್ಲ, ಮತ್ತು ಅದು ಒಳ್ಳೆಯದೇ ಎಂದು ನನಗನ್ನಿಸಿತು. ಏಕೆಂದರೆ ಹೇಳುವವರು ಇಲ್ಲದಿದ್ದರೆ ಈ ಮನೆ ಹಳೆಯ ಕುರ್ಚಿ ಮೇಜುಗಳಿರುವ ಇಕ್ಕಟ್ಟಾದ ಒಂದು ಹಳೆಯ ಕಟ್ಟಡ, ಅಷ್ಟೆ.

ಯುದ್ಧಕಾಲದಲ್ಲಿ ಅಡಗಿದ್ದು ದಿನಚರಿ ಬರೆದ ಯೆಹೂದ್ಯ ಹುಡುಗಿ ಆನ್ ಫ್ರಾಂಕ್‌ಳ ಆಮ್‌ಸ್ಟರ್‌ಡ್ಯಾಮ್‌ನ ಮನೆಯನ್ನು ನೋಡಿದವರು ಎರಡನ್ನೂ ಹೋಲಿಸದೆ ಇರಲಾರರು. ಅಲ್ಲಿ ಟಿಕೆಟ್ಟಿಗೆ ವಾರಗಟ್ಟಲೆ ಮೊದಲೇ ಪ್ರಯತ್ನಿಸಬೇಕು, ಕಿವಿಗೆ ಧ್ವನಿಯಂತ್ರ ಹಾಕಿಕೊಂಡು ಜನಸಾಲಿನಲ್ಲಿ ಸಾಗಬೇಕು, ಮತ್ತು ಕೋಣೆಗಳು ಖಾಲಿ ಇವೆ. ಆ ಖಾಲಿತನಕ್ಕೆ ಅದರದೇ ಅರ್ಥವಿದೆ. ಅಲ್ಲಿ ಅಡಗಿದ್ದ ಎಂಟು ಮಂದಿಯಲ್ಲಿ ಯುದ್ಧ ಮುಗಿದ ಮೇಲೆ ಬದುಕಿ ಮರಳಿದವರು ಆನ್‌ಳ ತಂದೆ ಒಬ್ಬರೇ. ಹಾರ್ಲೆಮ್‌ನ ಮನೆಯಲ್ಲಿ ಊಟದ ಮೇಜಿದೆ, ಗೋಡೆಯ ಮೇಲೆ ಕುಟುಂಬದ ಚಿತ್ರಗಳಿವೆ, ಕೂರಲು ಕುರ್ಚಿಗಳಿವೆ. ಅಡಗಿದವರ ಕಡೆಯಿಂದ ಆ ಕಾಲವನ್ನು ನೋಡಬೇಕೆನ್ನುವವರು ಅಲ್ಲಿಗೆ ಹೋಗಬೇಕು. ಬಾಗಿಲು ತೆರೆದವರ ಕಡೆಯಿಂದ ನೋಡಬೇಕೆನ್ನುವವರಿಗೆ ಈ ಮನೆ. ಒಂದನ್ನು ನೋಡಿದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಕಥೆ ಆರಂಭವಾಗುವುದು ಕುಟುಂಬ ಕೂರುತ್ತಿದ್ದ ಕೋಣೆಯಲ್ಲಿ. ವಿಲೆಮ್ ಟೆನ್ ಬೂಮ್ ಎಂಬವರು 1837ರಲ್ಲಿ ಇಲ್ಲಿ ಗಡಿಯಾರದ ಅಂಗಡಿ ತೆರೆದರು. 1844ರಲ್ಲಿ ಮನೆಯಲ್ಲಿ ವಾರಕ್ಕೊಮ್ಮೆ ಯೆಹೂದ್ಯ ಜನಾಂಗಕ್ಕಾಗಿ ಪ್ರಾರ್ಥನಾಕೂಟ ಆರಂಭಿಸಿದರು. ಅಂಗಡಿಯೂ ಪ್ರಾರ್ಥನೆಯೂ ಮಗ ಕ್ಯಾಸ್ಪರ್‌ಗೆ ಬಂದವು. ಕ್ಯಾಸ್ಪರ್‌ನ ಮಕ್ಕಳಲ್ಲಿ ಇಬ್ಬರು, ಬೆಟ್ಸಿ ಮತ್ತು ಕೋರಿ, ಮದುವೆಯಾಗದೆ ತಂದೆಯೊಂದಿಗೇ ಉಳಿದರು. ಬೆಟ್ಸಿಗೆ ಮೊದಲಿನಿಂದಲೂ ಆರೋಗ್ಯ ಅಷ್ಟಕ್ಕಷ್ಟೆ, ಮನೆವಾರ್ತೆ ಆಕೆಯದು. ಕೋರಿ ತಂದೆಯ ಪಕ್ಕದಲ್ಲಿ ಕುಳಿತು ಕೆಲಸ ಕಲಿತು, 1922ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಗಡಿಯಾರ ತಯಾರಕರ ಪರವಾನಗಿ ಪಡೆದ ಮೊದಲ ಮಹಿಳೆಯಾದರು. ಬುದ್ಧಿಮಾಂದ್ಯ ಮಕ್ಕಳಿಗಾಗಿ ಆಕೆ ಸತ್ಯವೇದದ (ಬೈಬಲಿನ) ತರಗತಿಗಳನ್ನೂ ನಡೆಸುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಕೆಲಸ ಆರಂಭವಾಗುವ ಮೊದಲು, ಮತ್ತೆ ರಾತ್ರಿ ಮಲಗುವ ಮುನ್ನ, ಕ್ಯಾಸ್ಪರ್ ಮನೆಯವರನ್ನೂ ಕೆಲಸದವರನ್ನೂ ಕೂರಿಸಿಕೊಂಡು ವಾಕ್ಯ ಓದಿ ಪ್ರಾರ್ಥಿಸುತ್ತಿದ್ದರು. ಯುದ್ಧ ಬಂದಾಗಲೂ ಅದು ನಿಲ್ಲಲಿಲ್ಲ.

ನನ್ನ ಮಟ್ಟಿಗೆ ಈ ಭೇಟಿಯ ನಿಜವಾದ ಲಾಭ ಈ ಭಾಗದಲ್ಲೇ ಇದೆ, ಆದರೆ ಬಹುಪಾಲು ಜನ ಮೇಲಿನ ಕೋಣೆಯನ್ನು ನೋಡುವ ಆತುರದಲ್ಲಿ ಇದನ್ನು ಪೀಠಿಕೆಯೆಂದು ಕೇಳಿ ಬಿಟ್ಟುಬಿಡುತ್ತಾರೆ. ಕರಾವಳಿಯ ಬಾಸೆಲ್ ಮಿಷನ್ ಪರಂಪರೆಯ ಮನೆಗಳಲ್ಲಿ ಬೆಳೆದವರಿಗೆ ಕುಟುಂಬ ಪ್ರಾರ್ಥನೆ ಹೊಸದಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜ ಒಂದು ಅಧ್ಯಾಯ ಓದುವುದು, ಒಂದು ಸಂಗೀತ ಹಾಡುವುದು, ಮಕ್ಕಳು ತೂಕಡಿಸುವುದು, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳುವುದು. ಇದರಲ್ಲಿ ವೀರತ್ವದ ಸುಳಿವೂ ಕಾಣುವುದಿಲ್ಲ, ನಿಜ ಹೇಳಬೇಕೆಂದರೆ ಚಿಕ್ಕಂದಿನಲ್ಲಿ ಅದು ಊಟಕ್ಕೆ ಅಡ್ಡಿಯೆಂದೇ ನಮಗೆ ತೋರುತ್ತಿತ್ತು. ಟೆನ್ ಬೂಮ್ ಕುಟುಂಬದ ಸಹನೆ ಇಂಥದೇ ನಿತ್ಯದ ರೂಢಿಯಿಂದ ಬಂದದ್ದು ಎಂಬುದನ್ನು ಆ ಕೋಣೆಯಲ್ಲಿ ಕುಳಿತಾಗ ಒಪ್ಪಬೇಕಾಗುತ್ತದೆ. ಕಷ್ಟ ಬಂದ ದಿನ ಅವರು ಹೊಸದಾಗಿ ಏನನ್ನೂ ಹುಡುಕಿಕೊಳ್ಳಲಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಪೌಲನು ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಅನುಭವಸಿದ್ಧಿ, ಅದರಿಂದ ನಿರೀಕ್ಷೆ ಎಂದು ಒಂದು ಸರಪಳಿಯನ್ನು ಹೇಳುತ್ತಾನೆ. ಈ ಮನೆಯ ಮಟ್ಟಿಗೆ ಆ ಸರಪಳಿಯ ಮೊದಲ ಕೊಂಡಿ ಉಪದ್ರವಕ್ಕಿಂತ ಎಷ್ಟೋ ವರ್ಷಗಳ ಹಿಂದೆಯೇ ಬಿದ್ದಿತ್ತು.

1940ರ ಮೇ ತಿಂಗಳಲ್ಲಿ ಜರ್ಮನಿ ದೇಶವನ್ನು ಆಕ್ರಮಿಸಿತು. ಯೆಹೂದ್ಯ ನೆರೆಹೊರೆಯವರು ಒಬ್ಬೊಬ್ಬರಾಗಿ ಕಾಣೆಯಾಗತೊಡಗಿದಾಗ ಟೆನ್ ಬೂಮ್ ಮನೆಯ ಓಣಿಬಾಗಿಲನ್ನು ರಾತ್ರಿ ತಟ್ಟುವವರು ಹೆಚ್ಚಿದರು. ಅಡಗಿಸಿಡಲು ಜಾಗ ಹುಡುಕುವುದಕ್ಕಿಂತ ಅವರ ಹೊಟ್ಟೆ ತುಂಬಿಸುವುದು ಕಷ್ಟವಾಗಿತ್ತು, ಏಕೆಂದರೆ ಪಡಿತರ ಚೀಟಿಯಿಲ್ಲದೆ ಆಹಾರ ಸಿಗುತ್ತಿರಲಿಲ್ಲ ಮತ್ತು ಯೆಹೂದಿಗಳಿಗೆ ಪಡಿತರ ಚೀಟಿ ಇರಲಿಲ್ಲ. ಕೋರಿಯ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗಿಯ ತಂದೆ ಪಡಿತರ ಕಚೇರಿಯಲ್ಲಿ ಕೆಲಸಕ್ಕಿದ್ದರು. ಐದು ಚೀಟಿ ಕೇಳಬೇಕೆಂದು ಹೋದ ಕೋರಿ ನೂರು ಕೇಳಿದರಂತೆ, ಅವರು ಕೊಟ್ಟೂಬಿಟ್ಟರು. ಇಲ್ಲಿಂದ ಮುಂದೆ ಈ ಮನೆ ಒಂದು ಜಾಲದ ಕೇಂದ್ರವಾಯಿತು. ಫೋನಿನಲ್ಲಿ ಗಡಿಯಾರದ ಭಾಷೆಯಲ್ಲೇ ಮಾತಾಡುತ್ತಿದ್ದರು. ಮುಖದ ಬಿಲ್ಲೆ ತೊಂದರೆ ಕೊಡುತ್ತಿರುವ ಗಡಿಯಾರವೊಂದು ಬಂದಿದೆ ಎಂದರೆ, ಮುಖ ನೋಡಿದ ಕೂಡಲೇ ಯೆಹೂದಿಯೆಂದು ಗುರುತು ಹಿಡಿಯಬಹುದಾದ ಒಬ್ಬರಿಗೆ ಆಸರೆ ಬೇಕಾಗಿದೆ ಎಂದು ಅರ್ಥ. ಕಿಟಕಿಯಲ್ಲಿ ಆಲ್ಪಿನಾ ಕಂಪನಿಯ ಗಡಿಯಾರಗಳ ತ್ರಿಕೋನಾಕಾರದ ಜಾಹೀರಾತು ಫಲಕ ಕಂಡರೆ ಒಳಗೆ ಬರಲು ಭಯವಿಲ್ಲ, ಕಾಣದಿದ್ದರೆ ದಾಟಿ ಹೋಗಬೇಕು. ಈ ಜಾಲದ ಮೂಲಕ ಸುಮಾರು 800 ಯೆಹೂದಿಗಳ ಜೀವ ಉಳಿಯಿತೆಂದು ಅಂದಾಜು ಮಾಡಲಾಗಿದೆ.

ಮೇಲಿನ ಕೋಣೆಗೆ ಹೋಗುವ ಮೆಟ್ಟಿಲುಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ಇದು ಎರಡು ಹಳೆಯ ಮನೆಗಳನ್ನು ಜೋಡಿಸಿ ಮಾಡಿದ ಕಟ್ಟಡ. ಒಂದರ ಮಹಡಿ ಇನ್ನೊಂದರ ಮಹಡಿಗೆ ಸರಿಹೊಂದುವುದಿಲ್ಲ, ಆದ್ದರಿಂದ ಮೆಟ್ಟಿಲು ಕಿರಿದಾಗಿ, ಕಡಿದಾಗಿ, ಸುತ್ತಿ ಸುತ್ತಿ ಏರುತ್ತದೆ. ಮೊಣಕಾಲು ನೋವಿರುವವರು, ಗಾಲಿಕುರ್ಚಿ ಬಳಸುವವರು ಮೇಲೆ ಹೋಗಲಾರರು. ಮಂಗಳೂರಿನಿಂದ ಬಂದಿದ್ದ ನಮ್ಮ ಅತ್ತೆ ಕೈಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಒಂದೊಂದು ನಿಟ್ಟುಸಿರು ಬಿಟ್ಟು, ಹೇಗೋ ಏರಿಬಂದರು. ಆದರೆ ಇದೇ ಅಂಕುಡೊಂಕು ಆ ಮನೆಯನ್ನು ಕಾಪಾಡಿತು: ಕೋಣೆಗಳು ಸರಿಯಾದ ಲೆಕ್ಕಕ್ಕೆ ಸಿಗದ ಕಟ್ಟಡದಲ್ಲಿ ಒಂದು ಕೋಣೆ ಎರಡೂವರೆ ಅಡಿ ಚಿಕ್ಕದಾದರೆ ಕಣ್ಣಿಗೆ ಬೀಳುವುದಿಲ್ಲ.

ಆ ಎರಡೂವರೆ ಅಡಿಯ ಜಾಗ ಇರುವುದು ಅತ್ಯಂತ ಮೇಲೆ, ಕೋರಿಯ ಮಲಗುವ ಕೋಣೆಯಲ್ಲಿ. ಪ್ರತಿರೋಧ ಚಳವಳಿಯ ವಾಸ್ತುಶಿಲ್ಪಿಯೊಬ್ಬರು ಬಂದು ಕೋಣೆಯ ಹಿಂಭಾಗದಲ್ಲಿ ಅಡ್ಡಕ್ಕೆ ಒಂದು ಸುಳ್ಳುಗೋಡೆ ಎಬ್ಬಿಸಿದರು. ಹಲಗೆಯಿಂದ ಮಾಡಿದ್ದರೆ ಬಡಿದಾಗ ಪೊಳ್ಳು ಸದ್ದು ಬರುತ್ತದೆಂದು ಇಟ್ಟಿಗೆಯಿಂದಲೇ ಕಟ್ಟಿದರು; ಇಟ್ಟಿಗೆಗಳನ್ನು ಕಾಗದದಲ್ಲಿ ಸುತ್ತಿ, ಚೀಲಗಳಲ್ಲಿ ತುಂಬಿ, ಯಾರಿಗೂ ಅನುಮಾನ ಬಾರದಂತೆ ಸ್ವಲ್ಪ ಸ್ವಲ್ಪವೇ ತಂದರು. ಕಟ್ಟಿದ ಮೇಲೆ ನೂರು ವರ್ಷದ ಹಳೆಯ ಗೋಡೆಯಂತೆ ಕಾಣುವ ಹಾಗೆ ಬಣ್ಣ ಮಾಸಿಸಿ ಕಲೆ ಮಾಡಿದರು. ಒಳಗೆ ಹೋಗುವ ದಾರಿ ಬಟ್ಟೆ ಮಡಚಿಡುವ ಕಪಾಟಿನ ಅತ್ಯಂತ ಕೆಳಗಿನ ಅರೆಯ ಹಿಂದಿದೆ: ಹಾಸು ಹೊದಿಕೆಗಳನ್ನು ಸರಿಸಿ, ಹಿಂದಿನ ಹಲಗೆ ಎತ್ತಿ, ಹೊಟ್ಟೆಯ ಮೇಲೆ ತೆವಳಿಕೊಂಡು ಒಳಸೇರಬೇಕು. ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಒಳಗೆ ಹೋಗುವ ತಾಲೀಮನ್ನು ಮನೆಯವರು ಮತ್ತೆ ಮತ್ತೆ ಮಾಡಿಸುತ್ತಿದ್ದರು. ಓಡುವ ಮುನ್ನ ತಾವು ಮಲಗಿದ್ದ ಹಾಸಿಗೆಯನ್ನು ಮಗುಚಿ ಹಾಕಬೇಕು, ಇಲ್ಲದಿದ್ದರೆ ಪೊಲೀಸರು ಕೈಯಿಟ್ಟಾಗ ಅದರ ಬಿಸಿ ಗೊತ್ತಾಗುತ್ತದೆ. ಊಟದ ಮೇಜಿನಲ್ಲಿ ಹೆಚ್ಚಿನ ತಟ್ಟೆ, ಹೆಚ್ಚಿನ ಚಮಚ ಉಳಿಯಬಾರದು. ಹಾಸಿಗೆಯ ಬಿಸಿಯನ್ನೂ ಯೋಚಿಸಿದ ಜನ ಇವರು. ನಂಬಿಕೆಯೆಂದರೆ ಎಲ್ಲವನ್ನೂ ದೇವರ ಮೇಲೆ ಹಾಕಿ ಕೈಕಟ್ಟಿ ಕೂರುವುದು ಎಂದು ತಿಳಿದವರು ಈ ಒಂದು ವಿವರವನ್ನು ಗಮನಿಸಬೇಕು.

ಈಗ ನೋಡಲು ಬಂದವರಿಗಾಗಿ ಸುಳ್ಳುಗೋಡೆಯ ಒಂದು ಭಾಗವನ್ನು ತೆರೆದಿಟ್ಟಿದ್ದಾರೆ, ಒಳಗಿನ ಅಗಲ ಎಷ್ಟೆಂದು ಕಾಣುತ್ತದೆ. ಇಂಗ್ಲಿಷಿನ ವಿವರಣೆಯನ್ನು ನಾನು ಪಿಸುದನಿಯಲ್ಲಿ ಕನ್ನಡಕ್ಕೆ ಹೇಳುತ್ತಿದ್ದರೆ ಅತ್ತೆ ಅದನ್ನು ಪೂರ್ತಿ ಕೇಳದೆ, "ಆರು ಮಂದಿ ಎರಡು ದಿನ ಇದರೊಳಗೆ ನಿಂತದ್ದಾ ಮಾರಾಯ್ತಿ? ಒಬ್ಬರಿಗೆ ಕೆಮ್ಮು ಬಂದರೆ ಏನು ಗತಿ?" ಎಂದು ಕೇಳಿದರು. ಎಲ್ಲ ಅಂಕಿ ಅಂಶಗಳಿಗಿಂತ ಆ ಪ್ರಶ್ನೆಯೇ ನನಗೆ ಆ ಜಾಗವನ್ನು ಅರ್ಥಮಾಡಿಸಿತು.

1944ರ ಫೆಬ್ರವರಿ 28ರಂದು ಮನೆಯ ಮೇಲೆ ದಾಳಿಯಾಯಿತು. ಸಹಾಯ ಕೇಳುವ ನೆಪದಲ್ಲಿ ಬಂದ ಡಚ್ಚನೊಬ್ಬ ಸುದ್ದಿ ಕೊಟ್ಟಿದ್ದ. ಕೋರಿ ಜ್ವರದಿಂದ ಮಲಗಿದ್ದರು. ನಾಲ್ವರು ಯೆಹೂದಿಗಳು ಮತ್ತು ಪ್ರತಿರೋಧ ಚಳವಳಿಯ ಇಬ್ಬರು ಆಕೆಯ ಮಂಚದ ಪಕ್ಕದಿಂದಲೇ ನುಗ್ಗಿ ಕಪಾಟಿನೊಳಗೆ ಸೇರಿದರು. ಕೆಳಗೆ ಬೆಟ್ಸಿ ಆಲ್ಪಿನಾ ಫಲಕವನ್ನು ಕಿಟಕಿಯಿಂದ ಕೆಡವಿದರು. ನಾತ್ಸಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊದವನು ಅದನ್ನು ಗಮನಿಸಿ, ಅದೊಂದು ಸಂಕೇತವೆಂದು ಊಹಿಸಿ, ಎತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟ. ಅದರಿಂದಾಗಿ ದಿನವಿಡೀ ಬಾಗಿಲಿಗೆ ಬಂದವರೆಲ್ಲ ಬಲೆಗೆ ಬಿದ್ದರು. ಸಂಜೆಯ ಹೊತ್ತಿಗೆ ಬಂಧಿತರ ಸಂಖ್ಯೆ ಸುಮಾರು 30 ಆಗಿತ್ತು. ಗೋಡೆ ಬಡಿದರು, ಹಲಗೆ ಕಿತ್ತರು, ಅಡಗಿದ್ದವರು ಮಾತ್ರ ಸಿಗಲಿಲ್ಲ. ಕಾವಲು ಹಾಕಿದರೆ ಹಸಿವಿನಿಂದ ತಾವಾಗಿಯೇ ಹೊರಬರುತ್ತಾರೆಂದು ಪೊಲೀಸರನ್ನು ನಿಲ್ಲಿಸಿದರು. 47 ಗಂಟೆಗಳ ನಂತರ ಪ್ರತಿರೋಧ ಚಳವಳಿಯವರು ಆ ಆರು ಮಂದಿಯನ್ನು ಹೊರತಂದರು.

ಆ ರಾತ್ರಿ ಪೊಲೀಸ್ ಠಾಣೆಯಲ್ಲಿ ಕ್ಯಾಸ್ಪರ್, ಮನೆಯಲ್ಲಿ ಎಂದಿನಂತೆ ಓದುವ ಹೊತ್ತಾಯಿತೆಂಬಂತೆ, ಬಂಧಿತರ ನಡುವೆ ಕುಳಿತು 119ನೇ ಕೀರ್ತನೆಯ ಸಾಲುಗಳನ್ನು ಬಾಯಿಪಾಠವಾಗಿ ಹೇಳಿದರು. ದೇವರೇ ಆಶ್ರಯ, ದೇವರೇ ಗುರಾಣಿ ಎನ್ನುವ ಸಾಲು ಅದರಲ್ಲಿದೆ. ಅವರಿಗೆ ಆಗ 84 ವರ್ಷ. ವಯಸ್ಸು ನೋಡಿ, ಇನ್ನು ಮುಂದೆ ತೊಂದರೆ ಮಾಡುವುದಿಲ್ಲವೆಂದು ಮಾತು ಕೊಟ್ಟರೆ ಮನೆಗೆ ಕಳುಹಿಸುತ್ತೇವೆ ಎಂದು ಅಧಿಕಾರಿ ಹೇಳಿದಾಗ, ನಾಳೆ ಯಾರು ಬಾಗಿಲು ತಟ್ಟಿದರೂ ಮತ್ತೆ ತೆರೆಯುತ್ತೇನೆ ಎಂದು ಅವರು ಉತ್ತರಿಸಿದರು. ಹತ್ತು ದಿನಗಳಲ್ಲಿ ಸೆರೆಯಲ್ಲೇ ತೀರಿಕೊಂಡರು.

ಮುಂದಿನ ಭಾಗ ಸ್ಕೆವೆನಿಂಗನ್ ಸೆರೆಮನೆಯದು. ಜ್ವರವಿದ್ದ ಕೋರಿಯನ್ನು ಒಂಟಿ ಕೋಣೆಗೆ ಹಾಕಿದರು. ಅಡಗಿದ್ದವರು ಬದುಕಿದರೋ ಇಲ್ಲವೋ ಎಂಬ ಚಿಂತೆಯಲ್ಲಿ ವಾರಗಳು ಕಳೆದ ಮೇಲೆ ಅಕ್ಕ ನೋಲಿ ಕಳುಹಿಸಿದ ಒಂದು ಪೊಟ್ಟಣ ಬಂತು. ವಿಳಾಸದ ಬರಹ ಅಂಚೆಚೀಟಿಯ ಕಡೆಗೆ ಓರೆಯಾಗಿ ಸಾಗಿತ್ತು. ಅನುಮಾನ ಬಂದು ಅಂಚೆಚೀಟಿಯನ್ನು ನೆನೆಸಿ ಬಿಡಿಸಿದಾಗ ಅದರ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ, ಕಪಾಟಿನಲ್ಲಿದ್ದ ಗಡಿಯಾರಗಳೆಲ್ಲ ಸುರಕ್ಷಿತವಾಗಿವೆ ಎಂದು ಬರೆದಿತ್ತು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಪ್ರಸಂಗ ಇದು. ತನ್ನ ಬಿಡುಗಡೆಯ ಸುಳಿವೇ ಇಲ್ಲದ ಹೆಂಗಸೊಬ್ಬಳಿಗೆ ಬೇರೆಯವರ ಬಿಡುಗಡೆಯ ಸುದ್ದಿ ಆಹಾರವಾಯಿತು. ಕ್ರೈಸ್ತರು ನಿರೀಕ್ಷೆ ಎಂದು ಕರೆಯುವುದರಲ್ಲಿ ಈ ಅಂಶ ಎಷ್ಟಿದೆ ಎಂಬುದನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬಳಿಕ ಅಕ್ಕತಂಗಿಯರಿಬ್ಬರನ್ನೂ ವುಖ್ಟ್ ಶಿಬಿರಕ್ಕೂ, 1944ರ ಸೆಪ್ಟೆಂಬರಿನಲ್ಲಿ ಜರ್ಮನಿಯ ರಾವೆನ್ಸ್‌ಬ್ರುಕ್ ಮಹಿಳಾ ಶಿಬಿರಕ್ಕೂ ಸಾಗಿಸಿದರು. ಹೇಗೋ ಮರೆಮಾಡಿ ಒಂದು ಚಿಕ್ಕ ಸತ್ಯವೇದವನ್ನು ಒಳಗೆ ಒಯ್ದಿದ್ದರು. ಮಲಗುವ ಕೋಣೆಯಲ್ಲಿ ಚಿಗಟಗಳು ಮುತ್ತಿಕೊಂಡಾಗ, ಇಲ್ಲಿ ಬದುಕುವುದು ಹೇಗೆ ಎಂದು ಕೋರಿ ಕೇಳಿದರು. ಬೆಟ್ಸಿ, ಅಂದು ಬೆಳಿಗ್ಗೆಯಷ್ಟೇ ಓದಿದ್ದ ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ಮಾತನ್ನು, ಅಂದರೆ ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಬೇಕೆಂಬುದನ್ನು ನೆನಪಿಸಿ, ಚಿಗಟಗಳಿಗಾಗಿಯೂ ಸ್ತೋತ್ರ ಹೇಳೋಣ ಎಂದರು. ಕೋರಿಗೆ ಅದು ಅತಿಯೆನ್ನಿಸಿತು. ವಾರಗಳು ಕಳೆದ ಮೇಲೆ, ಕಾವಲುಗಾರ್ತಿಯರು ಆ ಕೋಣೆಯೊಳಗೆ ಕಾಲಿಡದಿರುವುದು ಚಿಗಟಗಳ ಹೆದರಿಕೆಯಿಂದ ಎಂದು ತಿಳಿಯಿತು. ಆ ಕಾರಣದಿಂದಲೇ ಅಲ್ಲಿ ಪ್ರತಿ ಸಂಜೆ ಹಲವು ದೇಶಗಳ ಹೆಂಗಸರು ಸೇರಿ ವಾಕ್ಯ ಓದಿ, ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಅವರವರ ನುಡಿಗೆ ದಾಟಿಸಿಕೊಂಡು ಕೇಳಲು ಸಾಧ್ಯವಾಗಿತ್ತು.

ಚಿಗಟದ ಈ ಪ್ರಸಂಗ ಜಗತ್ತಿನಾದ್ಯಂತ ಪ್ರಸಂಗವೇದಿಕೆಗಳಲ್ಲಿ ಬಳಕೆಯಾಗಿ ಬಳಕೆಯಾಗಿ ನುಣುಪಾಗಿದೆ, ಮತ್ತು ನಮ್ಮ ಸಭೆಗಳಲ್ಲೂ ಇದನ್ನು ಕೇಳದವರು ಕಡಿಮೆ. ಸಾಮಾನ್ಯವಾಗಿ ಅದನ್ನು ಹೇಳುವ ರೀತಿಯ ಬಗ್ಗೆ ನನಗೆ ತಕರಾರಿದೆ. ಕೆಟ್ಟದ್ದು ಕೊನೆಗೆ ಒಳ್ಳೆಯದಕ್ಕೇ ಆಯಿತು ಎಂಬ ಹಾಗೆ ಕಥೆ ಮುಗಿಸಿದರೆ, ಚಿಗಟಗಳಿಂದ ಪ್ರಯೋಜನವಾಗದೆ ಹೋಗಿದ್ದರೆ ಬೆಟ್ಸಿಯ ಸ್ತೋತ್ರ ಮೂರ್ಖತನವಾಗುತ್ತಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಆಕೆ ಸ್ತೋತ್ರ ಹೇಳಿದ್ದು ಪ್ರಯೋಜನ ತಿಳಿಯುವ ಮೊದಲು. ಹಾಗೆಯೇ ಶಿಬಿರದಲ್ಲಿ ಬೆಟ್ಸಿಗೆ ಕೊಡುತ್ತಿದ್ದ ಪೌಷ್ಟಿಕ ಹನಿಗಳ ಸೀಸೆ ಬರಿದಾಗದೆ ಬಹಳ ದಿನ ಬಂದದ್ದನ್ನು ಸತ್ಯವೇದದಲ್ಲಿ ಬರುವ ಚಾರೆಪ್ತದ ವಿಧವೆಯ ಬರಿದಾಗದ ಎಣ್ಣೆಯ ಕುಡಿಕೆಗೆ ಹೋಲಿಸಿ ಕೋರಿ ಬರೆದಿದ್ದಾರೆ. ಅದನ್ನು ನಂಬುವವರು ನಂಬಲಿ, ಆದರೆ ಹನಿಗಳು ಮುಗಿಯದಿದ್ದರೂ ಬೆಟ್ಸಿ ಉಳಿಯಲಿಲ್ಲ. 1944ರ ಡಿಸೆಂಬರ್ 16ರಂದು, 59ನೆಯ ವಯಸ್ಸಿನಲ್ಲಿ, ಆಕೆ ರಾವೆನ್ಸ್‌ಬ್ರುಕ್‌ನಲ್ಲಿ ತೀರಿಕೊಂಡರು. ಅದಾಗಿ ಎರಡು ವಾರ ಕಳೆಯುವುದರೊಳಗೆ ಕೋರಿಯ ಬಿಡುಗಡೆಯಾಯಿತು, ಅದು ಕಚೇರಿಯ ಕಾಗದಪತ್ರದ ತಪ್ಪಿನಿಂದ ಆದದ್ದೆಂದು ಆಮೇಲೆ ಗೊತ್ತಾಯಿತು.

ಆದ್ದರಿಂದ ಈ ಮನೆಯನ್ನು ನೋಡಲು ಹೋಗುವವರಿಗೆ ನನ್ನ ಸಲಹೆ ಏನೆಂದರೆ, ಕಥೆಯನ್ನು ಬದುಕಿ ಬಂದ ಕೋರಿಯ ಕಡೆಯಿಂದ ಮಾತ್ರ ಕೇಳಬೇಡಿ. ಆಕೆ ಬದುಕಿದ್ದರಿಂದಲೇ ಕಥೆ ನಮಗೆ ತಲುಪಿತು, ಪ್ರಪಂಚ ತಿರುಗಿ ಅದನ್ನು ಹೇಳಿದವರೂ ಆಕೆಯೇ. ಆದರೆ ಭರವಸೆಯ ಪರೀಕ್ಷೆ ನಡೆದದ್ದು ಹಿಂತಿರುಗದವರಲ್ಲಿ. ತಂದೆ ಹತ್ತೇ ದಿನಕ್ಕೆ ಹೋದರು. ಅಣ್ಣ ವಿಲೆಮ್, ಸಭಾಪಾಲಕರಾಗಿದ್ದವರು, ಸೆರೆಯಲ್ಲಿ ತಗುಲಿದ ಬೆನ್ನುಮೂಳೆಯ ಕ್ಷಯದಿಂದ 1946ರಲ್ಲಿ ತೀರಿಕೊಂಡರು. ವಿಲೆಮ್‌ನ ಮಗ ಕಿಕ್ ಬೆರ್ಗೆನ್-ಬೆಲ್ಸೆನ್ ಶಿಬಿರದಿಂದ ಮರಳಲಿಲ್ಲ. ಗೋಡೆಯ ಹಿಂದೆ ಉಳಿದುಕೊಂಡ ನಾಲ್ವರು ಯೆಹೂದಿಗಳಲ್ಲಿ ಮೂವರು ಯುದ್ಧದ ಕೊನೆ ಕಂಡರು, ಒಬ್ಬರು ಕಾಣಲಿಲ್ಲ; ಪ್ರತಿರೋಧ ಚಳವಳಿಯ ಇಬ್ಬರಲ್ಲೂ ಒಬ್ಬರು ಸತ್ತರು. 1844ರಲ್ಲಿ ಆರಂಭವಾದ ಪ್ರಾರ್ಥನೆಗೂ 1944ರ ಬಂಧನಕ್ಕೂ ನಡುವೆ ಸರಿಯಾಗಿ ನೂರು ವರ್ಷ ಇರುವುದನ್ನು ಅನೇಕ ವಿಶ್ವಾಸಿಗಳು ದೇವರ ಯೋಜನೆಯ ಗುರುತಾಗಿ ಕಾಣುತ್ತಾರೆ. ನನಗೆ ಆ ಲೆಕ್ಕಕ್ಕಿಂತ, ನೂರು ವರ್ಷ ಪ್ರಾರ್ಥಿಸಿದ ಮನೆಯವರಿಗೆ ಬಾಗಿಲಲ್ಲಿ ನಿಂತವರಿಗೆ ಇಲ್ಲ ಎನ್ನಲು ನಾಲಗೆ ಏಳಲಿಲ್ಲ ಎಂಬುದೇ ದೊಡ್ಡದಾಗಿ ಕಾಣುತ್ತದೆ.

ಇದೇ ಕಾರಣಕ್ಕೆ ಕೋರಿ ತಮ್ಮ ಭಾಷಣಗಳಲ್ಲಿ ತೋರಿಸುತ್ತಿದ್ದ ಕಸೂತಿಯ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. ಬಟ್ಟೆಯ ಹಿಂಭಾಗ ನೋಡಿದರೆ ಗಂಟುಗಂಟಾದ ದಾರಗಳ ಗೋಜಲು, ತಿರುಗಿಸಿದರೆ ಮುಂಭಾಗದಲ್ಲಿ ಕಿರೀಟದ ಚಿತ್ರ. ನಾವು ಹಿಂಭಾಗ ನೋಡುತ್ತೇವೆ, ದೇವರು ಮುಂಭಾಗ ನೋಡುತ್ತಾನೆ ಎಂಬುದು ಅದರ ಸಾರಾಂಶ. ಸ್ವತಃ ರಾವೆನ್ಸ್‌ಬ್ರುಕ್ ಕಂಡು ಬಂದ ಮುದುಕಿಯೊಬ್ಬಳು ಇದನ್ನು ಹೇಳಿದರೆ ತಲೆಬಾಗಿ ಕೇಳಬೇಕು. ಆಸ್ಪತ್ರೆಯ ವಾರ್ಡಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಬಳಿ, ಅಂಥ ಯಾವುದನ್ನೂ ಕಾಣದ ನಾವು ಇದೇ ಮಾತನ್ನು ಎರವಲು ತಂದು ಹೇಳುವುದು ಬೇರೆ. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಬಾಯಿ ಮುಚ್ಚಿ ಕುಳಿತಿದ್ದಷ್ಟು ಕಾಲ ಒಳ್ಳೆಯ ಸ್ನೇಹಿತರಾಗಿದ್ದರು.

ಕ್ಷಮೆಯ ಭಾಗ ಒಂದು ಗಂಟೆಯ ಚೌಕಟ್ಟಿನಲ್ಲಿ ಹಿಡಿಸುವಂಥದ್ದಲ್ಲ, ಅದಕ್ಕೆ ಕೋರಿಯ ಆತ್ಮಕಥನವನ್ನೇ ಓದಬೇಕು. 1947ರಲ್ಲಿ ಮ್ಯೂನಿಕ್‌ನ ಒಂದು ಸಭೆಯಲ್ಲಿ ದೇವರ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದ ಆಕೆಯ ಮುಂದೆ ರಾವೆನ್ಸ್‌ಬ್ರುಕ್‌ನಲ್ಲಿ ಕಾವಲಿಗಿದ್ದವನೊಬ್ಬ ಬಂದು ಕೈ ಚಾಚಿದ. ಆಕೆಗೆ ಕೈ ಎತ್ತಲಾಗಲಿಲ್ಲ. ಒಳಗೆ ಒಂದಿಷ್ಟೂ ಪ್ರೀತಿ ಇರಲಿಲ್ಲವೆಂದು ಆಕೆಯೇ ಒಪ್ಪಿಕೊಂಡಿದ್ದಾರೆ. ಬೇಡಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಕೈ ಮುಂದೆ ಮಾಡಿದ ಮೇಲೆಯೇ ಉಳಿದದ್ದು ಬಂತಂತೆ. ಸಾಕ್ಷಿ ಹೇಳುವಾಗ ತಮ್ಮ ಗೆಲುವನ್ನಷ್ಟೇ ಹೇಳುವವರ ನಡುವೆ, ತನ್ನ ಕೈ ಮರಗಟ್ಟಿ ನಿಂತದ್ದನ್ನು ಹೇಳಿದ ಈ ಹೆಂಗಸಿನ ಪ್ರಾಮಾಣಿಕತೆ ನನಗೆ ದೊಡ್ಡದು. ಶಿಬಿರದಲ್ಲಿ ಬೆಟ್ಸಿ ಕನಸು ಕಂಡಿದ್ದಂತೆ, ಯುದ್ಧದಿಂದ ನೊಂದವರು ಚೇತರಿಸಿಕೊಳ್ಳಲು ಹಾರ್ಲೆಮ್‌ನ ಪಕ್ಕದ ಬ್ಲೂಮೆಂಡಾಲ್‌ನಲ್ಲಿ ಒಂದು ಮನೆಯನ್ನು ಕೋರಿ 1945ರಲ್ಲೇ ತೆರೆದರು, ಮುಂದೆ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲೂ ನಿರಾಶ್ರಿತರ ನಡುವೆ ಕೆಲಸ ಮಾಡಿದರು. 1967ರಲ್ಲಿ ಯೆಹೂದಿಗಳ ನರಮೇಧದ ಸ್ಮಾರಕವಾದ ಯೆರೂಸಲೇಮಿನ ಯಾದ್ ವಾಶೆಮ್ ಸಂಸ್ಥೆ ಆಕೆಯನ್ನು ಗೌರವಿಸಿತು. 1983ರ ಏಪ್ರಿಲ್ 15ರಂದು, ತಮ್ಮ 91ನೆಯ ಹುಟ್ಟುಹಬ್ಬದ ದಿನ, ತೀರಿಕೊಂಡರು. ಮನೆ ವಸ್ತುಸಂಗ್ರಹಾಲಯವಾಗಿ ತೆರೆದದ್ದು 1988ರಲ್ಲಿ.

ಕ್ರೈಸ್ತರಲ್ಲದವರಿಗೆ ಈ ಭೇಟಿ ಹಿಡಿಸುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಇದು ವಿಶ್ವಾಸಿಗಳು ನಡೆಸುವ ಸ್ಥಳ, ಕಥೆಯಲ್ಲಿ ಸತ್ಯವೇದದ ಮಾತು ಬರುತ್ತಲೇ ಇರುತ್ತದೆ. ಅದನ್ನು ತೆಗೆದು ಹೇಳಿದರೆ ಕಥೆಯೇ ಉಳಿಯುವುದಿಲ್ಲ. ಅದನ್ನು ತಿಳಿದುಕೊಂಡೇ ಹೋದರೆ ಮುಜುಗರವಾಗಲಾರದು. ಎಂಟು ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳು ಒಂದು ಗಂಟೆ ಕುಳಿತು ಕೇಳುವುದು ಕಷ್ಟ, ಮತ್ತು ಶಿಬಿರದ ಭಾಗ ಅವರಿಗೆ ಭಾರವಾದೀತು. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರನ್ನು ಕರೆದುಕೊಂಡು ಹೋಗುವವರು ಹಿಂದಿನ ರಾತ್ರಿಯೇ ಮನೆಯಲ್ಲಿ ಕಥೆಯನ್ನು ಒಮ್ಮೆ ಕನ್ನಡದಲ್ಲಿ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸಣ್ಣ ಕೋಣೆಯಲ್ಲಿ ಪಕ್ಕದಲ್ಲಿ ನಿಂತು ಭಾಷಾಂತರಿಸುತ್ತಿದ್ದರೆ ಉಳಿದವರಿಗೆ ಅಡ್ಡಿಯಾಗುತ್ತದೆ. ಭಾನುವಾರ ಮತ್ತು ಸೋಮವಾರ ರಜೆ. ಡಚ್ಚರ ಹಬ್ಬದ ದಿನಗಳಲ್ಲಿ ವೇಳಾಪಟ್ಟಿ ಬದಲಾಗಬಹುದಾದ್ದರಿಂದ ಜಾಲತಾಣ ನೋಡಿಕೊಂಡೇ ಹೊರಡಿ. ಮೆಟ್ಟಿಲು ಏರಲಾರದವರಿಗೆ ಮತ್ತು ಕರ್ನಾಟಕದಲ್ಲೇ ಇದ್ದು ನೋಡಬಯಸುವವರಿಗೆ ಅದೇ ಜಾಲತಾಣದಲ್ಲಿ ಮನೆಯನ್ನು ಕೋಣೆಕೋಣೆಯಾಗಿ ಸುತ್ತಿ ನೋಡುವ ಅನುಕೂಲವಿದೆ, ಅದಕ್ಕೂ ಹಣ ಕೊಡಬೇಕಾಗಿಲ್ಲ; ಊಟದ ಮೇಜು, ಕಪಾಟಿನ ಕೆಳಗಿನ ಅರೆ, ಗೋಡೆಯ ಹಿಂದಿನ ಜಾಗ ಎಲ್ಲವೂ ಅದರಲ್ಲಿ ಕಾಣುತ್ತವೆ. ನೇರವಾಗಿ ಹೋಗಲು ಆಗುವವರು ಬೆಳಗಿನ ಮೊದಲ ಗುಂಪಿನ ಸಮಯ ಆರಿಸಿಕೊಂಡರೆ, ಮುಗಿದ ಮೇಲೆ ಎರಡು ಹೆಜ್ಜೆ ದೂರದ ಮಾರುಕಟ್ಟೆ ಚೌಕದಲ್ಲಿರುವ ಸಂತ ಬಾವೋ ದೇವಾಲಯವನ್ನೂ ನೋಡಿಕೊಂಡು ಮಧ್ಯಾಹ್ನದ ರೈಲಿಗೆ ವಾಪಸಾಗಬಹುದು.